ಅವ್ವನಿಗೆ ಹೇಳಬೇಕೋ ಬೇಡವೋ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು, ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಅವ್ವನಿಗೆ 56 ವರ್ಷ. ಎಡಗಡೆಯ ಸ್ತನದಲ್ಲಿ ಗಂಟು ಕಾಣಿಸಿಕೊಂಡಿತ್ತು. ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಎಂದು ಬಂದಿದೆ. ವರದಿಯಲ್ಲಿ ‘ಗ್ರೇಡ್ 3’ ಎಂದಿರುವುದನ್ನು ನೋಡಿ, ಮೂರನೇ ಸ್ಟೇಜ್ ಆಗಿಹೋಗಿದೆ ಎಂದು ಎಲ್ಲರೂ ಕಂಗಾಲಾಗಿದ್ದೇವೆ. ಗೊತ್ತಾದರೆ ಅವ್ವ ತಡೆದುಕೊಳ್ಳುವುದಿಲ್ಲ ಎಂದು ಅಣ್ಣ ಮತ್ತು ಸೋದರಮಾವ ಅವಳಿಗೆ ‘ನೀರಿನ ಗಂಟು’ ಎಂದಷ್ಟೇ ಹೇಳಿದ್ದಾರೆ. ಸೂಜಿ ಚುಚ್ಚಿಸಿದ್ದೇ ತಪ್ಪಾಯಿತು, ನಾಟಿ ಔಷಧಿ ಕೊಡಿಸೋಣ ಎಂಬುದು ಮಾವನ ಹಟ. ಅಪ್ಪ ಮಾತನ್ನೇ ಬಿಟ್ಟಿದ್ದಾರೆ. ಬಿಪಿಎಲ್ ಕಾರ್ಡ್ ಇದೆ, ಆದರೂ ಹೊಲ ಮಾರುವ ಮಾತು ನಡೆದಿದೆ. ಅವ್ವ ದಿನಾ ರಾತ್ರಿ ನನ್ನ ಪಕ್ಕ ಮಲಗಿ ‘ಡಾಕ್ಟರು ಏನಂದ್ರು?’ ಎಂದು ಕೇಳುತ್ತಾಳೆ. ನಾನು ಏನು ಹೇಳಲಿ?

ಉತ್ತರ: ನಿಮ್ಮ ಮನೆಯಲ್ಲಿ ಈಗ ತುಂಬಿರುವ ಭಯದಲ್ಲಿ ಒಂದು ಪಾಲು ವರದಿಯನ್ನು ತಪ್ಪಾಗಿ ಓದಿದ್ದರಿಂದ ಬಂದದ್ದು. ಅದನ್ನು ಮೊದಲು ಇಳಿಸಿಬಿಡೋಣ. ಗ್ರೇಡ್ ಬೇರೆ, ಸ್ಟೇಜ್ ಬೇರೆ. ಬಯಾಪ್ಸಿಯಲ್ಲಿ ತೆಗೆದ ಚೂರನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಜೀವಕೋಶಗಳು ಸಹಜ ರೂಪದಿಂದ ಎಷ್ಟು ದೂರ ಸರಿದಿವೆ ಎಂಬುದನ್ನು ಗ್ರೇಡ್ ಹೇಳುತ್ತದೆ. ರೋಗ ದೇಹದಲ್ಲಿ ಎಷ್ಟು ವ್ಯಾಪಿಸಿದೆ ಎಂಬುದನ್ನು ಹೇಳುವುದು ಸ್ಟೇಜ್. ಗಂಟಿನ ಅಳತೆ, ಕಂಕುಳಿನ ಗ್ರಂಥಿಗಳ ಸ್ಥಿತಿ, ಬೇರೆ ಅಂಗಗಳಿಗೆ ಹರಡಿದೆಯೋ ಇಲ್ಲವೋ ಎಂಬ ಮೂರನ್ನೂ ತಜ್ಞರು ಪರೀಕ್ಷಿಸಿ, ಅಗತ್ಯವಿದ್ದರೆ ಸ್ಕ್ಯಾನ್ ಮಾಡಿಸಿದ ಮೇಲಷ್ಟೇ ಅದನ್ನು ನಿರ್ಧರಿಸುತ್ತಾರೆ. ಗ್ರೇಡ್ 3 ಇರುವ ಗಂಟು ಮೊದಲನೇ ಸ್ಟೇಜಿನಲ್ಲೂ ಇರಬಹುದು. ಅಂಥ ಗಂಟು ಬೇಗ ಬೆಳೆಯುವ ಸ್ವಭಾವದ್ದು ಎಂಬುದು ನಿಜ. ಹಾಗೆ ಬೇಗ ಬೆಳೆಯುವವು ಕೀಮೋಥೆರಪಿಗೆ ಚೆನ್ನಾಗಿ ಮಣಿಯುವುದೂ ಉಂಟು. ನಿಮ್ಮ ತಾಯಿಯವರ ಸ್ಟೇಜ್ ಯಾವುದೆಂದು ಸದ್ಯಕ್ಕೆ ಯಾರೂ ಹೇಳುವ ಸ್ಥಿತಿಯಲ್ಲಿಲ್ಲ.

ಸೂಜಿಯ ವಿಷಯವೂ ಅಷ್ಟೇ. ಬಯಾಪ್ಸಿ ಮಾಡಿಸಿದ್ದರಿಂದ ಸ್ತನದ ಕ್ಯಾನ್ಸರ್ ಮೈಗೆಲ್ಲ ಹರಡುವುದಿಲ್ಲ. ಬಯಾಪ್ಸಿಯಾದ ಮೇಲೆ ರೋಗದ ಹೆಸರು ಗೊತ್ತಾಗುತ್ತದೆ, ಮುಂದಿನ ಸ್ಕ್ಯಾನಿನಲ್ಲಿ ಅದರ ವಿಸ್ತಾರ ಗೊತ್ತಾಗುತ್ತದೆ. ಒಂದರ ಹಿಂದೆ ಒಂದು ಗೊತ್ತಾದದ್ದನ್ನೇ ಜನ ಒಂದರಿಂದ ಇನ್ನೊಂದು ಆಯಿತೆಂದು ಭಾವಿಸುತ್ತಾರೆ. ಆ ಚೂರು ಇಲ್ಲದಿದ್ದರೆ ಯಾವ ಔಷಧಿ ಕೊಡಬೇಕೆಂದು ಯಾವ ವೈದ್ಯರಿಗೂ ತಿಳಿಯುತ್ತಿರಲಿಲ್ಲ. ಅದೇ ಚೂರಿನ ಮೇಲೆ ಇ.ಆರ್., ಪಿ.ಆರ್. ಮತ್ತು ಹರ್-2 ಎಂಬ ಮೂರು ಪರೀಕ್ಷೆಗಳನ್ನು ಇನ್ನೂ ಮಾಡಬೇಕಾಗುತ್ತದೆ. ಹಾರ್ಮೋನ್ ಮಾತ್ರೆಯಿಂದ ಪ್ರಯೋಜನವಿದೆಯೇ, ಹರ್-2 ಎಂಬ ಪ್ರೋಟೀನನ್ನು ಗುರಿಯಾಗಿಸುವ ಚುಚ್ಚುಮದ್ದು ಬೇಕೇ ಎಂಬುದು ಅವುಗಳಿಂದಲೇ ತಿಳಿಯುವುದು. ಆದ್ದರಿಂದ ಬಯಾಪ್ಸಿ ಮಾಡಿದ ಪ್ರಯೋಗಾಲಯಕ್ಕೆ ಹೋಗಿ, ವರದಿಯ ಜೊತೆಗೆ ಆ ಚೂರನ್ನು ಇಟ್ಟಿರುವ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡ್‌ಗಳನ್ನೂ ಕೇಳಿ ಪಡೆದುಕೊಳ್ಳಿ. ದೊಡ್ಡ ಆಸ್ಪತ್ರೆಗಳು ಅವನ್ನು ತಾವೇ ಮತ್ತೊಮ್ಮೆ ನೋಡುತ್ತವೆ. ಬ್ಲಾಕ್ ಇಲ್ಲದೆ ಬಂದು, ಅದಕ್ಕಾಗಿಯೇ ಊರಿಗೆ ಹಿಂದಿರುಗಿದ ಎಷ್ಟೋ ಕುಟುಂಬಗಳನ್ನು ನಾನು ನೋಡಿದ್ದೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ದಿನಾ ರಾತ್ರಿ ಒಂದೇ ಮಾತನ್ನು ಕೇಳುವವರು ಆ ಉತ್ತರವನ್ನು ನಂಬಿಲ್ಲ ಎಂದೇ ಅರ್ಥ. ನೀರಿನ ಗಂಟಿಗೆ ಮಗ ಯಾಕೆ ಅಂಗಳಕ್ಕೆ ಹೋಗಿ ಫೋನಿನಲ್ಲಿ ಮಾತಾಡುತ್ತಾನೆ, ತಮ್ಮ ಯಾಕೆ ವಾರಕ್ಕೆ ಮೂರು ಸಲ ಬರುತ್ತಾನೆ, ಗಂಡ ಯಾಕೆ ಊಟ ಅರ್ಧಕ್ಕೆ ಬಿಟ್ಟು ಏಳುತ್ತಾರೆ ಎಂದು ಅವರು ಲೆಕ್ಕ ಹಾಕುತ್ತಲೇ ಇರುತ್ತಾರೆ. ನಮ್ಮ ರಾಜ್ಯದಲ್ಲಿ ‘ಕಿದ್ವಾಯಿ’ ಎಂಬ ಹೆಸರು ಕೇಳಿದರೆ ಸಾಕು, ಅಕ್ಷರ ಬಾರದವರಿಗೂ ರೋಗ ಯಾವುದೆಂದು ತಿಳಿಯುತ್ತದೆ. ಕ್ಯಾನ್ಸರ್ ಆಸ್ಪತ್ರೆಯ ಬಾಗಿಲು ದಾಟಿ, ಕೂದಲುದುರಿದ ಹತ್ತಾರು ಹೆಂಗಸರ ಸಾಲಿನಲ್ಲಿ ಕೂತ ಮೇಲೆ ಅವರಿಗೆ ಗೊತ್ತಾಗದೆ ಇರುವುದು ಸಾಧ್ಯವೇ ಇಲ್ಲ. ನೀವು ಹೇಳದಿದ್ದರೆ ಆ ಸುದ್ದಿಯನ್ನು ಅವರಿಗೆ ಪಕ್ಕದ ಬೆಂಚಿನವರು ಹೇಳುತ್ತಾರೆ.

ಬಹಳ ವರ್ಷಗಳ ಹಿಂದೆ, ಕ್ಯಾನ್ಸರ್ ರೋಗಿಗಳ ಮಾನಸಿಕ ಆರೈಕೆಯ ಕೆಲಸವನ್ನು ನಾನು ಆಗತಾನೇ ಆರಂಭಿಸಿದ್ದಾಗ, ಒಬ್ಬ ತಾಯಿಯ ಇಬ್ಬರು ಮಕ್ಕಳು ನನ್ನನ್ನು ವಾರ್ಡಿನ ಹೊರಗೆ ತಡೆದು, ಅಮ್ಮನೆದುರು ಆ ಪದ ಆಡಬೇಡಿ ಎಂದು ಕೈಮುಗಿದರು. ಒಳಗೆ ಹೋದರೆ ಆ ತಾಯಿ ನನ್ನ ಕೈ ಹಿಡಿದು ಮೆಲ್ಲನೆ ಹೇಳಿದರು: ‘ನನಗೆ ಎಲ್ಲಾ ಗೊತ್ತಾಗಿದೆ, ಆದರೆ ಮಕ್ಕಳಿಗೆ ಹೇಳಬೇಡಿ, ಪಾಪ ಹೆದರಿಕೊಂಡುಬಿಡುತ್ತಾರೆ.’ ಅವರ ದಿಂಬಿನಡಿ ಕರವಸ್ತ್ರದಲ್ಲಿ ಸುತ್ತಿದ ಸ್ವಸಹಾಯ ಸಂಘದ ಪಾಸ್‌ಬುಕ್ ಇತ್ತು. ಕಿರಿ ಮಗಳ ಮದುವೆಗೆಂದು ಕೂಡಿಟ್ಟ ಹಣ ಅದರಲ್ಲಿತ್ತು. ಅದರ ಬಗ್ಗೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳನ್ನು ಕೂರಿಸಿಕೊಂಡು ಅದನ್ನು ಹೇಳುವ ಆಸೆ ಅವರಿಗೆ, ಹೇಳಿದರೆ ತನಗೆ ರೋಗ ಗೊತ್ತಿದೆ ಎಂಬುದು ಹೊರಬೀಳುತ್ತದೆಂಬ ಅಳುಕು. ಒಂದೇ ಕೋಣೆಯಲ್ಲಿ ಮೂವರು ಪರಸ್ಪರರನ್ನು ಕಾಪಾಡುತ್ತ ಮೂವರೂ ಒಂಟಿಯಾಗಿದ್ದರು. ಮುಚ್ಚಿಡುವುದರಿಂದ ದುಃಖ ಕಡಿಮೆಯಾದದ್ದನ್ನು ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಕಾಣಲಿಲ್ಲ. ದುಃಖ ಹಂಚಿಕೊಳ್ಳಲು ಜೊತೆಗಾರರೇ ಇಲ್ಲದಂತಾಗುವುದನ್ನು ಮಾತ್ರ ಕಂಡಿದ್ದೇನೆ. ನಿಮ್ಮ ಅಣ್ಣನ ಉದ್ದೇಶ ಪ್ರೀತಿಯದೇ. ಆದರೆ ಈ ರೋಗ ಇರುವುದು ತಾಯಿಯವರ ಮೈಯಲ್ಲಿ, ಚಿಕಿತ್ಸೆಯನ್ನು ತಡೆದುಕೊಳ್ಳಬೇಕಾದವರೂ ಅವರೇ.

ಕಾನೂನು ಕೂಡ ಇದನ್ನೇ ಹೇಳುತ್ತದೆ. ಪ್ರಜ್ಞೆ ತಪ್ಪಿಸಿ ಪರೀಕ್ಷೆ ಮಾಡುತ್ತಿದ್ದ ಸಮಯದಲ್ಲಿ ರೋಗಿಯ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದುಹಾಕಿದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ತೀರ್ಪು ನೀಡಿ, ಬುದ್ಧಿ ಸ್ಥಿಮಿತದಲ್ಲಿರುವ ವಯಸ್ಕ ರೋಗಿಯ ಬದಲು ಮನೆಯವರು ಕೊಡುವ ಒಪ್ಪಿಗೆ ಸಲ್ಲದು, ಜೀವಕ್ಕೆ ತುರ್ತು ಅಪಾಯವಿದ್ದಾಗ ಮಾತ್ರ ವಿನಾಯಿತಿ ಎಂದು ಸ್ಪಷ್ಟಪಡಿಸಿತು. ಶಸ್ತ್ರಚಿಕಿತ್ಸೆಯ ಪತ್ರಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಬೇಕಾದವರು ನಿಮ್ಮ ತಾಯಿ. ಯಾವುದಕ್ಕೆಂದು ತಿಳಿಯದೆ ಹಾಕಿದ ಸಹಿಗೆ ಬೆಲೆಯಿಲ್ಲ.

ಹಾಗೆಂದು ಇವತ್ತೇ ರಾತ್ರಿ ಎಲ್ಲವನ್ನೂ ಒಮ್ಮೆಗೇ ಸುರಿಯಬೇಕಾಗಿಲ್ಲ. ರಾತ್ರಿ ಹೇಳಲೂಬೇಡಿ, ಹೇಳಿದ ಮೇಲೆ ಇಡೀ ಕತ್ತಲು ಅವರೊಬ್ಬರ ಪಾಲಿಗೆ ಉಳಿದುಬಿಡುತ್ತದೆ. ಶಾಲೆಗೆ ರಜೆ ಇರುವ ಒಂದು ಬೆಳಿಗ್ಗೆ, ಚಹಾ ಕುಡಿದಾದ ಮೇಲೆ, ನೀವಿಬ್ಬರೇ ಇರುವಾಗ ಹತ್ತಿರ ಕೂತುಕೊಳ್ಳಿ. ಮೊದಲು ನೀವು ಕೇಳಿ: ‘ಅವ್ವಾ, ಈ ಗಂಟಿನ ಬಗ್ಗೆ ನಿನಗೇನು ಅನಿಸಾಕತ್ತೈತಿ?’ ಅವರು ಏನು ಹೇಳುತ್ತಾರೋ ಅಲ್ಲಿಂದ ಮಾತು ಮುಂದುವರಿಯಲಿ. ಬಹುಶಃ ಅವರೇ ಆ ಪದವನ್ನು ಆಡಿಯಾರು; ಆಗ ನೀವು ಹೌದು ಎನ್ನುವುದಷ್ಟೇ ಉಳಿಯುತ್ತದೆ. ಹಾಗಾಗದಿದ್ದರೆ, ಪರೀಕ್ಷೆಯ ಫಲಿತಾಂಶ ಬಂದಿದೆ, ಎಲ್ಲವನ್ನೂ ನಿನಗೇ ಹೇಳಬೇಕೋ ಅಥವಾ ನಾನು ತಿಳಿದುಕೊಂಡು ನೋಡಿಕೊಂಡರೆ ಸಾಕೋ ಎಂದು ಕೇಳಿ. ಕೆಲವರು ನಿಜವಾಗಿಯೂ ‘ನೀವೇ ನೋಡಿಕೊಳ್ಳಿ’ ಎನ್ನುತ್ತಾರೆ. ಅದೂ ಅವರ ಹಕ್ಕು; ಆದರೆ ಅದನ್ನು ಅವರು ಆರಿಸಿಕೊಂಡಿರಬೇಕು, ಅವರ ಪರವಾಗಿ ಅಣ್ಣ ಆರಿಸಿರಬಾರದು. ತಿಳಿಯಬೇಕೆಂದರೆ, ಗಂಟಿನಲ್ಲಿ ಕೆಟ್ಟ ಜೀವಕೋಶಗಳು ಸಿಕ್ಕಿವೆ, ಇದನ್ನು ಕ್ಯಾನ್ಸರ್ ಎನ್ನುತ್ತಾರೆ, ಇದಕ್ಕೆ ಚಿಕಿತ್ಸೆ ಇದೆ, ಎಷ್ಟರ ಮಟ್ಟಿಗೆ ಇದೆ ಎಂದು ನೋಡಲು ಇನ್ನಷ್ಟು ಪರೀಕ್ಷೆ ಆಗಬೇಕು ಎಂದು ಹೇಳಿ ಸುಮ್ಮನಾಗಿ. ಆ ಮೌನ ಬಹಳ ಭಾರವೆನಿಸುತ್ತದೆ, ಆದರೂ ಅದನ್ನು ಮಾತಿನಿಂದ ತುಂಬಲು ಹೋಗಬೇಡಿ. ಅವರು ಅಳಬಹುದು, ಎದ್ದು ಹೋಗಿ ಪಾತ್ರೆ ತೊಳೆಯಲು ಶುರುಮಾಡಬಹುದು, ‘ನಾನು ಯಾರಿಗೆ ಏನು ಪಾಪ ಮಾಡಿದ್ದೆ’ ಎನ್ನಬಹುದು. ಪಾಪದ ಮಾತು ಬಂದಾಗ ಮಾತ್ರ ಗಟ್ಟಿಯಾಗಿ ಉತ್ತರ ಕೊಡಿ: ಇದು ಯಾರ ತಪ್ಪಿನಿಂದ ಬಂದದ್ದೂ ಅಲ್ಲ, ಶಾಪವೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ‘ಏನೂ ಆಗುವುದಿಲ್ಲ’ ಎಂದು ಆಣೆ ಹಾಕಬೇಡಿ. ‘ಏನೇ ಆದರೂ ನಾನು ಜೊತೆಗಿರುತ್ತೇನೆ, ನಿನಗೆ ಸುಳ್ಳು ಹೇಳುವುದಿಲ್ಲ’ ಎಂದು ಹೇಳಿದರೆ ಆ ಮಾತನ್ನು ನೀವು ಉಳಿಸಿಕೊಳ್ಳಬಲ್ಲಿರಿ.

ಅಂಟುರೋಗವಲ್ಲ ಎಂದದ್ದನ್ನು ಮನೆಯ ನಡವಳಿಕೆಯಲ್ಲೂ ಕಾಣಿಸಬೇಕು. ಎಷ್ಟೋ ಮನೆಗಳಲ್ಲಿ ಯಾರೂ ಹೇಳದೆಯೇ ರೋಗಿಯ ತಟ್ಟೆ-ಲೋಟ ಬೇರೆಯಾಗುತ್ತದೆ, ಮೊಮ್ಮಕ್ಕಳನ್ನು ದೂರ ಮಲಗಿಸುತ್ತಾರೆ. ರೋಗಿ ಅದನ್ನು ಮೊದಲ ದಿನವೇ ಗಮನಿಸುತ್ತಾರೆ.

ಮಾವನವರೊಂದಿಗೆ ಜಗಳ ಬೇಡ. ಅಕ್ಕನನ್ನು ಉಳಿಸಿಕೊಳ್ಳಬೇಕೆಂಬ ಆತುರಕ್ಕೆ ಅವರಿಗೆ ಗೊತ್ತಿರುವ ದಾರಿ ಅದೊಂದೇ ಇರಬಹುದು. ಹರಕೆ ಹೊರಲಿ, ಪೂಜೆ ಮಾಡಿಸಲಿ. ಅದರಿಂದ ತಾಯಿಯವರಿಗೆ ನೆಮ್ಮದಿಯಾಗುವುದಾದರೆ ಬಹಳ ಒಳ್ಳೆಯದು. ಆದರೆ ಎರಡು ವಿಷಯಗಳಲ್ಲಿ ನೀವು ಅಲುಗಾಡಬಾರದು. ಗಂಟಿನ ಮೇಲೆ ಯಾವ ಲೇಪವನ್ನೂ ಹಚ್ಚಿಸಬೇಡಿ, ಸುಡಿಸಬೇಡಿ. ಚರ್ಮ ಒಡೆದು ಹುಣ್ಣಾದರೆ ಸುಲಭವಾಗಿದ್ದ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಕೀಮೋ ನಡೆಯುವಾಗ ವೈದ್ಯರಿಗೆ ತಿಳಿಸದೆ ಬೇರು, ಪುಡಿ, ಕಷಾಯ ಯಾವುದನ್ನೂ ಕೊಡಬೇಡಿ. ಕೀಮೋ ಔಷಧಿಗಳಲ್ಲಿ ಹಲವನ್ನು ಯಕೃತ್ತು ನಿಭಾಯಿಸಬೇಕಾಗಿರುತ್ತದೆ, ಅದರ ಮೇಲೆ ಇನ್ನೊಂದು ಹೊರೆ ಬಿದ್ದರೆ ಚಿಕಿತ್ಸೆಯನ್ನೇ ನಿಲ್ಲಿಸಬೇಕಾದೀತು. ಮಾವನವರು ಅವಸರ ಮಾಡಿದರೆ ಹೀಗೆ ಹೇಳಿ: ಸ್ತನದ ಗಂಟು ಒಂದು ರಾತ್ರಿಯಲ್ಲಿ ಬೆಳೆದದ್ದಲ್ಲ, ಸರಿಯಾದ ಪರೀಕ್ಷೆಗಳಿಗಾಗಿ ಒಂದೆರಡು ವಾರ ಹೋದರೆ ಅದು ನಷ್ಟವಲ್ಲ, ಆದರೆ ನಾಟಿ ಔಷಧಿಯನ್ನು ಮೂರು ತಿಂಗಳು ನೋಡೋಣ ಎಂದರೆ ಆ ಮೂರು ತಿಂಗಳನ್ನು ಯಾರೂ ವಾಪಸು ಕೊಡಲಾರರು.

ಎಲ್ಲಿಗೆ ಹೋಗಬೇಕು ಎಂಬುದು ನಿಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾದಂತಿಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಿಂದ ಇದೇ ಕೆಲಸ ಮಾಡುತ್ತಿದೆ. ಅಲ್ಲಿ ಶಸ್ತ್ರಚಿಕಿತ್ಸೆ, ಕೀಮೋ, ನಮ್ಮ ಜನ ‘ಕರೆಂಟ್ ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆ ಮೂರೂ ಒಂದೇ ಆವರಣದಲ್ಲಿವೆ. ಹುಬ್ಬಳ್ಳಿಯ ನವನಗರದಲ್ಲೂ ಕ್ಯಾನ್ಸರ್ ಆಸ್ಪತ್ರೆ ಇದೆ, ಅದು ನಿಮಗೆ ಬಹಳ ಹತ್ತಿರ. ದೊಡ್ಡ ಹೆಸರಿನ ಹಿಂದೆ ಹೋಗುವ ಮೊದಲು ದಿನಗಳ ಲೆಕ್ಕ ಹಾಕಿ. ಕೀಮೋ ಸಾಮಾನ್ಯವಾಗಿ ಎರಡು ಅಥವಾ ಮೂರು ವಾರಕ್ಕೊಮ್ಮೆ, ಕೆಲವು ಔಷಧಿಗಳು ವಾರಕ್ಕೊಮ್ಮೆ, ಹಲವು ತಿಂಗಳು ನಡೆಯುತ್ತದೆ. ವಿಕಿರಣವಾದರೆ ಮೂರರಿಂದ ಐದು ವಾರ, ವಾರದಲ್ಲಿ ಐದು ದಿನ ಹೋಗಬೇಕು. ಚಿಕಿತ್ಸೆಯ ಯೋಜನೆಯನ್ನು ದೊಡ್ಡ ಕೇಂದ್ರದಲ್ಲಿ ಮಾಡಿಸಿಕೊಂಡು, ಅಲ್ಲಿನ ವೈದ್ಯರ ಒಪ್ಪಿಗೆಯೊಂದಿಗೆ ಕೀಮೋವನ್ನು ಹತ್ತಿರದಲ್ಲಿ ಪಡೆಯುವ ದಾರಿಯನ್ನು ನಾನು ಅನೇಕರಿಗೆ ಸೂಚಿಸುತ್ತೇನೆ. ಅರ್ಧದಲ್ಲಿ ನಿಂತ ಉತ್ತಮ ಚಿಕಿತ್ಸೆಗಿಂತ ಪೂರ್ತಿಯಾದ ಸಾಧಾರಣ ವ್ಯವಸ್ಥೆಯ ಚಿಕಿತ್ಸೆ ಮೇಲು.

ಹೊಲವನ್ನು ಈಗ ಮಾರಬೇಡಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ, ಕ್ಯಾನ್ಸರ್ ಅದರಲ್ಲಿ ಸೇರಿದೆ. ಚಿಕಿತ್ಸೆ ಆರಂಭವಾಗುವ ಮೊದಲೇ ಮಂಜೂರಾತಿ ಪಡೆಯಬೇಕು, ಮೊದಲು ಕೈಯಿಂದ ಕಟ್ಟಿ ಆಮೇಲೆ ಕೇಳಿದರೆ ಕಷ್ಟ. ಆದ್ದರಿಂದ ರೇಷನ್ ಕಾರ್ಡ್ ಮತ್ತು ಆಧಾರ್ ಹಿಡಿದುಕೊಂಡು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು, ಅಂದರೆ ಈ ಯೋಜನೆಯ ಸಹಾಯಕ ಸಿಬ್ಬಂದಿಯನ್ನು, ಮೊದಲ ದಿನವೇ ಕಾಣಿ. ಯಾವ ಔಷಧಿ, ಯಾವ ಪರೀಕ್ಷೆ ಯೋಜನೆಯಲ್ಲಿ ಬರುವುದಿಲ್ಲ ಎಂಬುದನ್ನೂ ಅವರಿಂದಲೇ ಕೇಳಿ ಬರೆದುಕೊಳ್ಳಿ. ಖಾಸಗಿ ಆಸ್ಪತ್ರೆಯನ್ನು ಆರಿಸುವುದಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗಬಹುದು. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಶೇ 75ರಷ್ಟು ರಿಯಾಯಿತಿ ಇದೆ. ಅದರ ನಮೂನೆಗೆ ಆಸ್ಪತ್ರೆಯವರೇ ಸಹಿ ಮಾಡಿ ಕೊಡುತ್ತಾರೆ. ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಶಕ್ತಿ ಯೋಜನೆಯಡಿ ನಿಮಗೂ ತಾಯಿಯವರಿಗೂ ಟಿಕೆಟ್ ದರವಿಲ್ಲ.

ಚಿಕಿತ್ಸೆ ಶುರುವಾದ ಮೇಲೆ ಮನೆಯಲ್ಲಿ ಇರಲೇಬೇಕಾದ ವಸ್ತು ಒಂದು ಥರ್ಮಾಮೀಟರ್. ಕೀಮೋ ಕೊಟ್ಟ ಏಳರಿಂದ ಹದಿನಾಲ್ಕು ದಿನಗಳ ನಡುವೆ ಬಿಳಿ ರಕ್ತಕಣಗಳು ತೀರಾ ಕಡಿಮೆಯಾಗಿರುತ್ತವೆ. ಆ ದಿನಗಳಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ, ಮನೆಯಲ್ಲಿ ಮಾತ್ರೆ ನುಂಗಿಸಿ ಬೆಳಗಿನವರೆಗೆ ಕಾಯದೆ, ಮಧ್ಯರಾತ್ರಿಯಾದರೂ ಸರಿ ಆಸ್ಪತ್ರೆಗೆ ಹೋಗಬೇಕು. ಇದೊಂದು ಸೂಚನೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿ. ಕೆಂಪು ಬಣ್ಣದ ಕೀಮೋ ಔಷಧಿ ಕೊಟ್ಟರೆ ಒಂದೆರಡು ದಿನ ಮೂತ್ರ ಕೆಂಪಗಾಗುತ್ತದೆ, ಅದು ರಕ್ತವಲ್ಲ. ಮೊದಲೇ ಹೇಳಿರದಿದ್ದರೆ ತಾಯಿಯವರು ಬಚ್ಚಲಲ್ಲೇ ಕುಸಿದಾರು. ಊಟದಲ್ಲಿ ಪಥ್ಯದ ಹೆಸರಿನಲ್ಲಿ ಹಾಲು, ಮೊಸರು, ಬೇಳೆ ಬಿಡಿಸುವವರ ಮಾತು ಕೇಳಬೇಡಿ. ರೊಟ್ಟಿ, ಬೇಯಿಸಿದ ಕಾಳಿನ ಪಲ್ಯ, ತಿನ್ನುವವರಾದರೆ ಚೆನ್ನಾಗಿ ಬೇಯಿಸಿದ ಮೊಟ್ಟೆ, ಮೀನು ಎಲ್ಲವೂ ಇರಲಿ. ರಕ್ತಕಣ ಇಳಿದಿರುವ ದಿನಗಳಲ್ಲಿ ಹಸಿ ತರಕಾರಿ, ಹೊರಗಿನ ತಿಂಡಿ ಬೇಡ.

ಕೂದಲಿನ ದುಃಖವನ್ನು ಸಣ್ಣದೆಂದು ಯಾರೂ ಎಣಿಸಬಾರದು. ಮೊದಲ ಕೀಮೋ ಆದ ಎರಡು-ಮೂರು ವಾರಕ್ಕೆ ಬಾಚಣಿಗೆಯಲ್ಲಿ ಮುಷ್ಟಿಗಟ್ಟಲೆ ಬರತೊಡಗುತ್ತದೆ. ದಿನವೂ ಹೂ ಮುಡಿಯುತ್ತ ಬಂದ ಹೆಂಗಸಿಗೆ, ಅದೂ ನಮ್ಮ ಊರುಗಳಲ್ಲಿ ಬೋಳುತಲೆಗೆ ಇರುವ ಕ್ರೂರ ಅರ್ಥವನ್ನು ಬಲ್ಲವಳಿಗೆ, ಅದು ಸ್ತನ ಕಳೆದುಕೊಳ್ಳುವುದಕ್ಕಿಂತ ಹೆಚ್ಚಿನ ಆಘಾತವಾಗುವುದನ್ನು ನಾನು ಕಂಡಿದ್ದೇನೆ. ಉದುರುವ ಮೊದಲೇ ಅವರೊಂದಿಗೆ ಮಾತಾಡಿ, ಬೇಕೆಂದರೆ ಮೊದಲೇ ಗಿಡ್ಡ ಮಾಡಿಸಿ, ಮೆತ್ತನೆಯ ಹತ್ತಿಯ ಬಟ್ಟೆ ತಂದಿಡಿ. ಚಿಕಿತ್ಸೆ ಮುಗಿದ ಮೇಲೆ ಕೂದಲು ಮತ್ತೆ ಬರುತ್ತದೆ. ಹಾಗೆಯೇ, ಸ್ತನವನ್ನು ಪೂರ್ತಿ ತೆಗೆಯುವುದು ಎಲ್ಲರಿಗೂ ಅನಿವಾರ್ಯವಲ್ಲ; ಗಂಟನ್ನಷ್ಟೇ ತೆಗೆದು ವಿಕಿರಣ ಕೊಡುವುದು ಸೂಕ್ತವಾಗುವವರಲ್ಲಿ ಬದುಕುಳಿಯುವ ಸಾಧ್ಯತೆ ಎರಡರಲ್ಲೂ ಒಂದೇ. ‘56 ವರ್ಷದವರಿಗೆ ಅದೆಲ್ಲ ಯಾಕೆ’ ಎಂದು ಮನೆಯವರು ತೀರ್ಮಾನಿಸದೆ, ಆ ಆಯ್ಕೆ ಇದೆಯೇ ಎಂದು ತಾಯಿಯವರೇ ವೈದ್ಯರನ್ನು ಕೇಳುವಂತಾಗಲಿ.

ವಿಷಯ ತಿಳಿದ ಮೊದಲ ದಿನಗಳಲ್ಲಿ ನಿದ್ದೆ ಬಾರದಿರುವುದು, ಅಳು, ಸಿಟ್ಟು, ಯಾರನ್ನೂ ನೋಡಲು ಮನಸ್ಸಿಲ್ಲದಿರುವುದು ಸಹಜ. ‘ಧೈರ್ಯವಾಗಿರು’ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಕೇಳಿದವರು ಅಳುವುದಕ್ಕೂ ಜಾಗವಿಲ್ಲದೆ ಬಳಲುತ್ತಾರೆ. ಸೇಬು ಹಿಡಿದುಕೊಂಡು ನೋಡಲು ಬಂದು, ಇದೇ ರೋಗದಿಂದ ತೀರಿಕೊಂಡ ತಮ್ಮ ಸಂಬಂಧಿಕರ ಕಥೆ ಹೇಳುವವರನ್ನು ಅಂಗಳದಲ್ಲೇ ತಡೆಯುವ ಕೆಲಸವನ್ನು ಅಣ್ಣನಿಗೆ ವಹಿಸಿ. ರಕ್ಷಿಸಬೇಕೆಂಬ ಅವರ ಆಸೆಗೆ ಅದು ಸರಿಯಾದ ಕೆಲಸ. ಆದರೆ ಎರಡು ವಾರ ಕಳೆದರೂ ತಾಯಿಯವರ ಮಂಕು ಇಳಿಯದಿದ್ದರೆ, ಊಟ ಬಿಟ್ಟರೆ, ಚಿಕಿತ್ಸೆಯೇ ಬೇಡ ಎಂದರೆ, ಸಾಯುವ ಮಾತಾಡಿದರೆ, ರೋಗ ಬಂದವರು ಇನ್ನೇನು ನಗುತ್ತಾರೆಯೇ ಎಂದು ತಳ್ಳಿಹಾಕಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಇದೆ. ಮನೋವೈದ್ಯರನ್ನು ಕಾಣುವಾಗ ಕ್ಯಾನ್ಸರಿನ ಎಲ್ಲ ಮಾತ್ರೆಗಳನ್ನೂ ತೋರಿಸಿ. ಟಾಮಾಕ್ಸಿಫೆನ್ ಎಂಬ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಿಗೆ ಖಿನ್ನತೆಯ ಕೆಲವು ಮಾತ್ರೆಗಳು ಹೊಂದುವುದಿಲ್ಲ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಹಗಲು-ರಾತ್ರಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ತಾಯಿಯವರು ಮಾತ್ರವಲ್ಲ, ನೀವೂ ಕರೆ ಮಾಡಬಹುದು.

ನಿಮ್ಮ ತಂದೆಯವರ ಮೌನ ನನ್ನನ್ನು ಕಾಡುತ್ತಿದೆ. ಅವರಿಂದ ಮಾತನ್ನು ಹೊರಡಿಸಲು ಹೋಗಬೇಡಿ, ಕೆಲಸ ಕೊಡಿ. ಒಂದು ನೂರು ಪುಟದ ನೋಟ್‌ಪುಸ್ತಕ ತಂದು, ದಿನಾಂಕ, ಜ್ವರ, ತೂಕ, ಕೊಟ್ಟ ಮಾತ್ರೆ, ಮಲವಿಸರ್ಜನೆ ಇವಿಷ್ಟನ್ನು ದಿನವೂ ಬರೆಯುವ ಹೊಣೆ ಅವರದಾಗಲಿ. ಹೆಂಡತಿಯ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಎರಡು ನಿಮಿಷ ಪಕ್ಕದಲ್ಲಿ ಕೂತಿರುವ ಗಂಡಸು, ಮೂವತ್ತು ವರ್ಷ ಆಡದ ಮಾತನ್ನು ಆಗ ಆಡಿಯಾರು.

ನಿಮ್ಮ ಬಗ್ಗೆ ಪತ್ರದಲ್ಲಿ ಒಂದು ಸಾಲೂ ಇಲ್ಲ. ಹಗಲು ಶಾಲೆ, ರಾತ್ರಿ ಸುಳ್ಳು ಹೇಳುವ ಸಂಕಟ, ಇವೆರಡರ ನಡುವೆ ನೀವು ಯಾರ ಹತ್ತಿರ ಅಳುತ್ತೀರಿ? ಅಂಥ ಒಬ್ಬ ಗೆಳತಿಯನ್ನು ಗುರುತಿಟ್ಟುಕೊಳ್ಳಿ. ಆಸ್ಪತ್ರೆಯ ಪಾಳಿಯನ್ನು ಅಣ್ಣ, ಅತ್ತಿಗೆಯರೊಂದಿಗೆ ಈಗಲೇ ಹಂಚಿಕೊಳ್ಳಿ. ಮಗಳು ಎಂಬ ಕಾರಣಕ್ಕೆ ಎಲ್ಲವೂ ನಿಮ್ಮ ಹೆಗಲಿಗೆ ಬಂದರೆ ಆರು ತಿಂಗಳಲ್ಲಿ ನೀವೇ ಹಾಸಿಗೆ ಹಿಡಿಯುತ್ತೀರಿ. ತಾಯಿಗೆ ಸ್ತನದ ಕ್ಯಾನ್ಸರ್ ಬಂದಿರುವುದರಿಂದ ನಿಮ್ಮ ಅಪಾಯ ಸ್ವಲ್ಪ ಹೆಚ್ಚು ಎಂಬುದು ನಿಜ. ಗಾಬರಿ ಬೇಡ, ಆಸ್ಪತ್ರೆಗೆ ಹೋದಾಗ ನಿಮ್ಮ ವಯಸ್ಸು ಹೇಳಿ, ಯಾವಾಗ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಕೇಳಿ.

ಕ್ಯಾನ್ಸರ್ ತಜ್ಞರನ್ನು ಕಾಣುವ ದಿನಕ್ಕೆ ಮುಂಚೆ ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿ, ತಾಯಿಯವರೊಂದಿಗೆ ಮಾತಾಡಿ ಮುಗಿಸಿರಿ. ತಂದೆಯವರ ನೋಟ್‌ಪುಸ್ತಕದ ಮೊದಲ ಪುಟದಲ್ಲಿ ತಾಯಿಯವರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಿ: ನೋವಾಗ್ತೈತೇನು, ಎಷ್ಟು ದಿನ, ಹೊಲಕ್ಕೆ ಯಾವಾಗ ಹೋಗಬಹುದು, ಏನು ಬೇಕಾದರೂ ಆಗಿರಲಿ. ಕೋಣೆಯೊಳಗೆ ಹೋದಾಗ, ಸಾಮಾನ್ಯವಾಗಿ ನಡೆಯುವಂತೆ ಗಂಡಸರು ಮುಂದೆ ಕೂತು ರೋಗಿಯನ್ನು ಗೋಡೆಯ ಪಕ್ಕದ ಸ್ಟೂಲಿನ ಮೇಲೆ ಕೂರಿಸದೆ, ವೈದ್ಯರ ಮೇಜಿಗೆ ಹತ್ತಿರವಿರುವ ಕುರ್ಚಿಯಲ್ಲಿ ತಾಯಿಯವರನ್ನು ಕೂರಿಸಿ, ಆ ಪುಟವನ್ನು ಅವರ ಕೈಗೆ ಕೊಡಿ.